ಋಣಭಾರ

ಕುಂಸಿ ಸ್ಟೇಷನ್ನಿನ ಹಿಂದೆ
ನಲವತ್ತು ವರ್ಷ ಭತ್ತ ಕುಟ್ಟಿ ನಿಂತುಹೋದ ಗಿರಣಿಯನ್ನು
ನಾವು ಕೊಂಡದ್ದು ಗೋಡೆಯ ದಪ್ಪ ನೋಡಿ.
‘ಒಳಗೆ ಕೋವಿ ಹೊಡೆದರೂ ಆಚೆಗೆ ಕೇಳಿಸಲ್ಲ’ ಎಂದ ದಲ್ಲಾಳಿ,
ಯಾರು ಯಾರಿಗೆ ಹೊಡೆಯಬೇಕು ಎಂದು ಹೇಳದೆ.
ಋಣಭಾರ ಪತ್ರ ತೆಗೆಸಿದೆವು.
ಮೂವತ್ತು ವರ್ಷ ಹಿಂದಕ್ಕೆ ಹುಡುಕಿ
‘ಏನೂ ಇಲ್ಲ’ ಎಂದು ಸೀಲು ಒತ್ತಿ ಕೊಟ್ಟರು.

ಹಲ್ಲರ್ ಕೂತಿದ್ದ ಕಟ್ಟೆಯ ಮೇಲೀಗ ಒಲೆ.
ಭತ್ತ ಸುರಿಯುತ್ತಿದ್ದ ಕಿಂಡಿಗೆ ಗಾಜು.
ಬೆಲ್ಟು ಓಡುತ್ತಿದ್ದ ಶಾಫ್ಟಿಗೆ
ಮಗುವಿನ ಜೋಲಿ ಕಟ್ಟಿದೆವು;
ಹತ್ತು ಹೆಚ್.ಪಿ. ಮೋಟಾರಿಗೆ ಬಗ್ಗದ ಕಬ್ಬಿಣ
ಮೂರೂವರೆ ಕೆ.ಜಿ.ಗೆ ಕಿರ್ರೆಂದಿತು.

ತೌಡು ಮಾತ್ರ ಹೋಗಲಿಲ್ಲ.
ಗುಡಿಸಿದಷ್ಟೂ ಬರುತ್ತದೆ
ತೊಲೆಯ ಸಂದಿನಿಂದ, ಬಾಗಿಲ ತಿರುಗುಣಿಯಿಂದ,
ಬೆಳಗಿನ ಕಾಫಿಯ ಮೇಲೆ ತೆಳ್ಳಗೆ.
ರಾತ್ರಿ ಇಲಿಗಳು ಬಂದು ಹಾಜರಿ ಹಾಕಿ ಹೋಗುತ್ತವೆ.
ಗಿರಣಿ ಮುಚ್ಚಿದ ಸುದ್ದಿ ಅವಕ್ಕೆ ಯಾರೂ ಹೇಳಿಲ್ಲ.

ಸುಣ್ಣ ಬಳಿಯುತ್ತಿದ್ದ ಸೈಮನ್ ಮೇಸ್ತ್ರಿ
ತಕ್ಕಡಿಯ ಮೂಲೆಗೆ ಬಂದವನು ಬ್ರಷ್ಷು ಕೆಳಗಿಟ್ಟ.
ಎದೆಯೆತ್ತರಕ್ಕೆ, ಗೋಡೆ ತುಂಬ, ಸೀಸದಕಡ್ಡಿಯ ಲೆಕ್ಕ:
ಹೆಗ್ಗೆ ಹದಿನಾರು ಚೀಲ. ಪದ್ಮರೇಖೆ ಎಂಟು.
ರೈಟರ ದುಂಡಗಿನ ಅಕ್ಷರ, ಕೆಳಗೆ ರುಜು.
ಅದಕ್ಕೂ ಕೆಳಗೆ, ಬಹಳ ಕೆಳಗೆ,
ಒತ್ತಿ ಒತ್ತಿ ಬರೆದ ಸೊಟ್ಟ ಸಾಲು:
ಕೆರಿಯಮ್ಮ ನುಚ್ಚು ಮೂರು ಸೇರು ಬಾಕಿ.

ಅವಳು ಕೊಡಬೇಕಾದದ್ದೋ,
ಅವಳಿಗೆ ಬರಬೇಕಾದದ್ದೋ?
ಬಾಕಿ ಎಂಬ ಮಾತು ಯಾವ ಕಡೆಗೂ ಮುಖ ಮಾಡುವುದಿಲ್ಲ.

ಸೈಮನ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.
ಸಾಲು ಅವನ ಕಣ್ಣಿಗೆ ನೇರ ಬಂತು.
‘ರೈಟರು ನಿಂತು ಬರೀತಿದ್ರು ಅಮ್ಮಾ,
ಮೊರ ಹಿಡಿದು ಕೇರೋರು ಕೂತಿರ್ತಿದ್ರು.’
ಅಷ್ಟು ಹೇಳಿ ಬೀಡಿ ಹುಡುಕಿಕೊಂಡು ಆಚೆ ಹೋದ.

ಊರಲ್ಲಿ ಕೇಳಿದೆ. ‘ಯಾವ ಕೆರಿಯಮ್ಮ?
ನಾಲ್ಕು ಜನ ಇದ್ರಲ್ಲ’ ಎಂದರು ಹಾಲಿನ ಡೇರಿಯಲ್ಲಿ.
ಒಬ್ಬಳು ಹೊಸನಗರದ ಕಡೆ ಮಗಳ ಮನೆಗೆ ಹೋದಳಂತೆ,
ಇಬ್ಬರು ಇಲ್ಲ,
ಇನ್ನೊಬ್ಬಳ ಬಗ್ಗೆ ಮಾತು ಬದಲಿಸಿದರು.

ಆ ಮೊಳದಗಲ ಬಿಟ್ಟು ಸುಣ್ಣ ಬಳಿದಾಯಿತು.
ಸೋಫಾ ಅಲ್ಲಿಗೇ ಹೇಳಿ ಮಾಡಿಸಿದಂತಿತ್ತು; ಇಡಲಿಲ್ಲ.
ಅನ್ನಕ್ಕೆ ಅಕ್ಕಿ ಅಳೆಯುವಾಗ
ಕೈ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಅಳೆಯುತ್ತದೆ.

ತಾಳಗುಪ್ಪದ ರೈಲು ಹಾದಾಗ
ಈ ದಪ್ಪ ಗೋಡೆಯೂ ಸಣ್ಣಗೆ ನಡುಗುತ್ತದೆ.
ನಾವು ಬಳಿದ ಸುಣ್ಣ ಉದುರುತ್ತದೆ.
ಸೀಸ ಇಲ್ಲ.