ಪುಟಕ್ಕೆ ಇಪ್ಪತ್ತು

ಮಂಡ್ಯ ಕೋರ್ಟಿನ ಗೇಟಿನೆದುರು
ನನ್ನದು ಆರಡಿ ಅಂಗಡಿ.
ಒಂದು ಕಂಪ್ಯೂಟರು, ಒಂದು ಜೆರಾಕ್ಸು,
ಕರೆಂಟು ಹೋದಾಗ ಒಂದು ಬೀಸಣಿಗೆ.
ಕೀಲಿಮಣೆಯಲ್ಲಿ ‘ಅ’ ಅಳಿಸಿಹೋಗಿದೆ.
ಅರ್ಜಿದಾರ, ಅಪರಾಧಿ, ಅಮಾಯಕ
ಎಲ್ಲರೂ ಅದೇ ಗುಂಡಿಯಿಂದ ಶುರು.

ಮಗಳಿಗೆ ಮೈಸೂರಲ್ಲಿ ಸೀಟು ಸಿಕ್ಕಿದೆ.
ಅಪರಾಧಶಾಸ್ತ್ರ, ಎಂ.ಎಸ್ಸಿ., ಎರಡು ವರ್ಷ.
ಫೀಸು, ಪ್ರಯೋಗಾಲಯದ್ದು, ರೈಲಿನ ಪಾಸು,
ಬಿಳಿ ಕೋಟು, ಮಧ್ಯಾಹ್ನದ ಊಟ
ಹಳೇ ವಕಾಲತ್ತಿನ ಬೆನ್ನ ಮೇಲೆ ಕೂಡಿಸಿದೆ:
ಒಂದು ಲಕ್ಷದ ಇಪ್ಪತ್ತು ಸಾವಿರ.

ನನಗೆ ರೂಪಾಯಿಗಿಂತ ಪುಟದ ಲೆಕ್ಕ ಸಲೀಸು.
ಪುಟಕ್ಕೆ ಇಪ್ಪತ್ತು. ಆರು ಸಾವಿರ ಪುಟ.
ಜಾಮೀನು ಅರ್ಜಿ ಒಂದಕ್ಕೆ ಆರು.
ಅಲ್ಲಿಗೆ ಸಾವಿರ ಜನ ಒಳಗೆ ಹೋಗಬೇಕು,
ಜನ ಯಾಕೆ ಒಳಗೆ ಹೋಗುತ್ತಾರೆ ಅಂತ
ಇವಳು ಓದುವುದಕ್ಕೆ.
ಇದರಲ್ಲಿ ಇಂಕು, ಕಾಗದ, ಬಾಡಿಗೆ ಹಿಡಿದಿಲ್ಲ.

ಮಂಡ್ಯದವರು ಅಷ್ಟು ಕೆಟ್ಟವರಲ್ಲ.
ವಿಚ್ಛೇದನವನ್ನೂ ಸೇರಿಸಿಕೊಂಡರೆ ಆದೀತು.

ಕೋರ್ಟ್ ಡ್ಯೂಟಿಯ ಪುಟ್ಟಸ್ವಾಮಿ ಟೀ ಹೀರುತ್ತ,
“ಪೊಲೀಸಾಗಕ್ಕೆ ಅಷ್ಟೊಂದ್ಯಾಕಕ್ಕಾ?
ನಾನು ಪಿಯುಸಿ. ನಮ್ಮ ಎಸ್ಸೈ ಓದಿರೋದು ಜಿಯಾಗ್ರಫಿ.
ಕಳ್ಳನ್ನ ಹಿಡಿಯಕ್ಕೆ ಕಾಲು ಗಟ್ಟಿಗಿದ್ರೆ ಸಾಕು.”
ಶಿವನಂಜಪ್ಪ ಲಾಯರು, “ಎಲ್ಎಲ್‌ಬಿ ಮಾಡಿಸು,
ಕೇಸಿಲ್ಲದಿದ್ದರೂ ಕೋಟಾದರೂ ಇರುತ್ತೆ.”
ನನ್ನ ತಮ್ಮನ ಹೆಂಡತಿ ಏನೂ ಅನ್ನಲಿಲ್ಲ,
“ಗಂಡಿನ ಕಡೆಯವರಿಗೆ ಏನ್ ಓದವ್ಳೆ ಅಂತ ಹೇಳದು?”
ಅಂದಳಷ್ಟೆ.

ಕೆಲಸಗಳ ಪಟ್ಟಿ ಅವಳೇ ಬರೆದು ತಂದಳು.
ಸರ್ಕಾರಿ ಪ್ರಯೋಗಾಲಯ, ಕರೆದಾಗ.
ಜೈಲಿನಲ್ಲಿ ಅಧಿಕಾರಿ, ಪರೀಕ್ಷೆ ನಡೆದರೆ,
ನಡೆದ ಪರೀಕ್ಷೆ ರದ್ದಾಗದಿದ್ದರೆ.
ಬ್ಯಾಂಕಿನಲ್ಲಿ ಮೋಸ ಹುಡುಕುವುದು. ಅದು ಖಾಸಗಿ,
ಶುರುವಿಗೆ ಹದಿನೆಂಟು ಸಾವಿರ.
ಹದಿನೆಂಟು ನಾನೂ ದುಡೀತೀನಿ,
ಎಸ್ಸೆಸ್ಸೆಲ್ಸಿ, ಟೈಪಿಂಗ್ ಜೂನಿಯರ್.
ಇದನ್ನು ಅವಳಿಗೆ ಹೇಳಿದೆ.
ಹೇಳಬಾರದಿತ್ತು.

ಸಿಂಚನ ಆಗ ಏಳನೇ ಕ್ಲಾಸು.
ಸಂಜೆ ಬಂದು ಪುಟ ಜೋಡಿಸಿ ಪಿನ್ನು ಹೊಡೆಯುವಳು.
ಮಳವಳ್ಳಿ ಕಡೆಯ ಚಿಕ್ಕಲಿಂಗ,
ಪಂಪ್‌ಸೆಟ್ಟಿನ ತಾಮ್ರದ ತಂತಿ, ಮೂರು ಕೆಜಿ.
ಜಾಮೀನು ಸಿಕ್ಕಿತ್ತು. ಷೂರಿಟಿಗೆ
ಪಹಣಿ ಇರುವ ಒಬ್ಬರೂ ಬರಲಿಲ್ಲ.
ಮೊತ್ತ ಇಳಿಸಿ ಎಂದು ಮೂರು ಸಲ ಟೈಪು ಮಾಡಿದೆ,
ತಾರೀಖಷ್ಟೇ ಬದಲಿಸಿ.
ಮೂರನೆಯದಕ್ಕೆ ಪಿನ್ನು ಹೊಡೆಯುತ್ತ ಕೇಳಿದಳು:
“ಜಡ್ಜು ಬುಟ್ಟವ್ರೆ ಅಂತೀಯ. ಇನ್ನೂ ಯಾಕಮ್ಮ ಒಳಗವ್ನೆ?”
ನಾನು ಲೆಕ್ಕದಲ್ಲಿದ್ದೆ. ಒಂಬತ್ತು ಪುಟ,
ಆಗ ಪುಟಕ್ಕೆ ಹತ್ತು.
ಅವನ ಅವ್ವ ಸೆರಗಿನ ಗಂಟು ಬಿಚ್ಚಿ
ತೊಂಬತ್ತು ಎಣಿಸಿದಳು.
ತಗೊಂಡೆ.

ಆ ಪ್ರಶ್ನೆಗೆ ಉತ್ತರ ಮೈಸೂರಲ್ಲಿದೆಯೋ ಇಲ್ಲವೋ.
ಒಂದು ಗಂಟೆಯ ರೈಲು ದೂರದಲ್ಲಿ ಇದ್ದಿದ್ದರೆ
ಇಷ್ಟು ಹೊತ್ತಿಗೆ ಯಾರಾದರೂ
ಇಲ್ಲಿಗೆ ತಂದಿರುತ್ತಿದ್ದರು.
ಹಾಗಂತ, ಹೋಗಿ ನೋಡಿಕೊಂಡು ಬಂದವರೂ
ನನ್ನ ಅಂಗಡಿಗೆ ಯಾರೂ ಬಂದಿಲ್ಲ.

ಇವತ್ತು ಬೆಳಿಗ್ಗೆ, ಬೀಗ ತೆಗೆಯುವಷ್ಟರಲ್ಲಿ,
ಆದಾಯದ ಅಫಿಡವಿಟ್ಟು ಬೇಕೆಂದಳು.
ಕೂತು ಹೊಡೆದೆ:
ಈ ಮೂಲಕ ಸತ್ಯವಾಗಿ ಪ್ರಮಾಣೀಕರಿಸುವುದೇನೆಂದರೆ
ಅಲ್ಲಿ ಸ್ವಲ್ಪ ಕೈ ನಿಂತಿತು. ಇಪ್ಪತ್ತೊಂದು ವರ್ಷದಲ್ಲಿ
ಆ ಸಾಲಿನ ಕೆಳಗೆ ನನ್ನ ಹೆಸರು ಬರುವುದು
ಇದೇ ಮೊದಲು.

ಬೋಣಿಯ ಹೊತ್ತು. ಸುಮ್ಮನೆ ಕೊಡಬಾರದು.
“ಇಪ್ಪತ್ತು ತೆಗಿ” ಅಂದೆ.
ಪರ್ಸು ಕೊಡವಿ ಹತ್ತರ ನೋಟು ಇಟ್ಟಳು.
“ಮಿಕ್ಕಿದ್ದು ಬರ್ಕೊ.”
ಬರೆದುಕೊಂಡೆ,
ಲಾಯರುಗಳ ಬಾಕಿಯ ಪುಟದಲ್ಲಿ,
ಶಿವನಂಜಪ್ಪನವರ ಕೆಳಗೆ.