ಚುಕ್ತಾ

ಗದರಬೇಡ ಅಂದಿದ್ದಳು ನೆವಿಯಾ ಅತ್ತೆ.
ಗದರಿದರೆ ಮೊದಲು ಹೆದರುವುದು ಮೂಗು,
ಹೆದರಿದ ಮೂಗಿಗೆ ಕಾಡೆಲ್ಲ ಒಂದೇ ವಾಸನೆ.
ಗಡ್ಡೆ ನಿನ್ನ ಕೈಗೆ, ರೊಟ್ಟಿಚೂರು ಅವಳ ಬಾಯಿಗೆ,
ಅಲ್ಲಿಗೆ ವ್ಯಾಪಾರ ಮುಗಿಯಿತು.

ಬೇಸಿಗೆಯಿಡೀ ಹಿತ್ತಲಲ್ಲಿ ಹೂತಿಟ್ಟೆ
ಹಳೆಯ ಕಾಲುಚೀಲದೊಳಗೆ ನಾರುವ ಚೀಸು.
ಬಾ ಅಂದರೆ ಬೇಲಿ ನುಸಿಯುತ್ತಿದ್ದ ಬ್ರೂಮಾ,
ಬಿಡು ಅಂದರೆ ಇನ್ನಷ್ಟು ಕಚ್ಚಿಕೊಳ್ಳುತ್ತಿದ್ದವಳು,
ಆಗಸ್ಟಿನ ಒಂದು ಸಂಜೆ
ಕಾಲುಚೀಲ ತಂದು ನನ್ನ ಬೂಟಿನ ಮೇಲಿಟ್ಟಳು.
ಆಹಾ, ಯಜಮಾನನಾದೆ ಅಂದುಕೊಂಡೆ.

ನವೆಂಬರು. ಮಿರ್ನಾ ನದಿಯ ಓಕ್ ಕಾಡಿನಲ್ಲಿ
ಮೊಣಕಾಲ ತನಕ ಮಂಜು.
ಮೊದಲ ಬಿಳಿ ಟ್ರಫಲ್, ಕೋಳಿಮೊಟ್ಟೆಯಷ್ಟು.
ಮಣ್ಣೊರೆಸಿದೆ, ಮೂಸಿದೆ, ಮನಸ್ಸಿನಲ್ಲೇ ಬೆಲೆ ಗುಣಿಸಿದೆ,
ಜೇಬಿನ ರೊಟ್ಟಿ ಜೇಬಿನಲ್ಲೇ ಉಳಿಯಿತು.
ಅವಳು ಕಾದಳು.
ಬಾಲ ಎರಡು ಸಲ ತರಗೆಲೆ ಗುಡಿಸಿ
ನಿಂತಿತು.

ಎರಡನೆಯದು ಅದಕ್ಕಿಂತ ದೊಡ್ಡದು.
ನಾನು ಮಂಡಿಯೂರುವಷ್ಟರಲ್ಲಿ
ನನ್ನನ್ನೇ ನೋಡುತ್ತ, ಅವಸರವಿಲ್ಲದೆ
ಅಗಿದು ನುಂಗಿದಳು
ಇನ್ನೂರು ಯೂರೋ.

ಅತ್ತೆ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು,
"ಲೆಕ್ಕ ಚುಕ್ತಾ ಆಯಿತಲ್ಲ, ಇನ್ನೇನು ನಿನ್ನ ಗೋಳು?"

ಆಮೇಲೆ ದಿನವೂ ಜೇಬು ತಡವಿಯೇ ಗುಡ್ಡ ಇಳಿದೆ.
ಬಸವನಹುಳು ಅಗೆದರೂ ಒಂದು ಚೂರು,
ಬರಿಯ ಬೇರು ಅಗೆದರೂ.
ಬಿಡು ಅನ್ನುವ ಮೊದಲೇ ಬಿಡುತ್ತಾಳೀಗ,
ಹಿಂದೆ ಸರಿದು ಕೂರುತ್ತಾಳೆ,
ಕಣ್ಣು ನೆಟ್ಟಗೆ ನನ್ನ ಕೈಯ ಮೇಲೆ.

ಇತ್ತೀಚೆಗೆ, ಯಾವಾಗಲೋ ಒಮ್ಮೆ,
ರೊಟ್ಟಿ ತಿಂದಾದ ಮೇಲೂ,
ಮುಖದ ಮೇಲೆ.