ಯಮನೂರಪ್ಪನ ಲೆಕ್ಕ

ಹಳೇ ಹುಬ್ಬಳ್ಳ್ಯಾಗ ನನ್ನ ಅಂಗಡಿ,
ಎರಡು ಕುರ್ಚಿ, ಮೂಲಿ ಒಡದ ಒಂದು ಕನ್ನಡಿ.
ಬಂದವರೆಲ್ಲ ಕುಂದರೂಕಿಂತ ಮೊದಲ ಕೇಳ್ತಾರ:
"ಹೇಳಲೇ ಯಮನೂರಿ, ಆ ದೊಡ್ಡ ಹಡಗಿನ್ಯಾಗ
ಹರೇದ ಹುಡಿಗ್ಯಾರು ಎಷ್ಟ ಮಂದಿ ಇದ್ರು?"

ನಾ ಬ್ರಷ್ಷಿಗೆ ನೊರಿ ಹತ್ತಿಸ್ತೀನಿ.
ಸುಳ್ಳು ಹೇಳಿದ್ರ ಚಹಾ ಪುಕ್ಕಟ ಸಿಗತೈತಿ,
ಖರೇ ಹೇಳಿದ್ರ ಯಾರೂ ನಂಬೂದಿಲ್ಲ:
ಒಂದು ರಾತ್ರಿಯ ಬಾಡಿಗ್ಯಾಗ ದುರ್ಗದಬೈಲಿನ್ಯಾಗ
ವರ್ಷಾನಗಟ್ಟಲೆ ಅಂಗಡಿ ನಡಸಬಹುದು, ಅಂಥಾ ಹಡಗಿನ್ಯಾಗ
ನಾ ಮುಟ್ಟಿದ ತಲಿ ಎಲ್ಲಾ ನಮ್ಮಪ್ಪನಕಿಂತ ಹಿರೇವು.

ಕೆಲಸಿಲ್ಲದ ಮಧ್ಯಾಹ್ನ ನೋಟ್‌ಬುಕ್ಕಿನ್ಯಾಗ ಬರದಿಟ್ಟಿದ್ದೆ:
ಎಪ್ಪತ್ತನಾಕು. ಅರವತ್ತೊಂಬತ್ತು. ಎಂಬತ್ತೊಂದು.
ಐವತ್ತೆರಡರಾಕಿ ಒಬ್ಬಾಕಿ ಬಂದಿದ್ಲು,
ತಾಯಿಯ ಗಾಲಿಕುರ್ಚಿ ತಳ್ಳಾಕ.
ಕೂಡಿಸಿ ಭಾಗಿಸಿದ್ರ ಎಪ್ಪತ್ತೆರಡಕ್ಕ ಬಂದು ನಿಲ್ಲತಿತ್ತು.
ಲೆಕ್ಕದಾಗ ನಾ ಏಳನೇತ್ತಾ ಫೇಲು,
ಒಂದೆರಡು ಆಚೀಚಿ ಇರಬಹುದು.

ವಯಸ್ಸು ಮಾರಿ ಮ್ಯಾಲ ಇರೂದಿಲ್ಲ, ಹಿಂಗುತಿಗಿ ಮ್ಯಾಲ ಇರತೈತಿ.
ಮಾರಿಗೆ ರೊಕ್ಕ ಹಾಕಬಹುದು, ಹಾಕಿದ್ರು.
ಕುತಿಗಿಗೆ ಯಾರೂ ಹಾಕಿರಲಿಲ್ಲ.
ಕೂದಲ ಸರಿಸಿದ್ರ ಸಾಕು, ನೀರಿಳದ ಕೆರಿಯ ತಳ,
ಅದರಾಗ ಯಾವುದೋ ಆಪರೇಷನ್ನಿನ ಕಾಲುದಾರಿ.

ನನ್ನ ಹೆಸರು ಎದಿ ಮ್ಯಾಲಿನ ಬಿಲ್ಲೇದಾಗ ಹಿಡೀಲಿಲ್ಲ.
ಕತ್ತರಿಸಿ "ಯಮನ್" ಮಾಡಿದ್ರು.
ಪುಣೇದಾಕಿ ಒಬ್ಬಾಕಿ, ಎಪ್ಪತ್ತೊಂಬತ್ತು, ಓದಿದಾಕಿನ
ಕುರ್ಚಿ ಬಿಟ್ಟು ಎದ್ಲು: "ಇಷ್ಟ ಲಗೂನ ಬಂದ್ಯೇನಪಾ?"
ಆಮ್ಯಾಲ ಹಲ್ಲಿನ ಸೆಟ್ ಸರಿ ಮಾಡ್ಕೊಂಡು ನಕ್ಳು.
"ಹಗ್ಗ ಹಿಡಕೊಂಡು ಬರತೀ ಅನ್ಕೊಂಡಿದ್ದೆ,
ಕತ್ತರಿ ತಂದೀಯಲ್ಲ."
ಹುಡುಗಿ ಇದ್ದಾಗ ಎರಡು ವರ್ಷ ಧಾರವಾಡದಾಗ,
ಮಾಳಮಡ್ಡಿ ಮಾಸ್ತರ ಕಡೆ ಹಾಡು ಕಲತಿದ್ಲಂತ.
ಮರುದಿನ ಸಂಜಿಗೆ ಕತ್ತರಿ ಸಪ್ಪಳದ ಕೆಳಗ
ಯಮನ್ ಗುನುಗಿದ್ಲು.
ತೀವ್ರ ಮಧ್ಯಮಕ್ಕ ದನಿ ಏರಲಿಲ್ಲ,
ಅಲ್ಲೊಂದು ಕೆಮ್ಮು ಹಾಕಿ ದಾಟಿದ್ಲು.

ಎಂಬತ್ತೆಂಟರ ಒಬ್ಬ ಅಜ್ಜ, ಯಾವ ದೇಶದಾಂವೋ,
ದಿನಾ ಬಿಟ್ಟು ದಿನಾ ದಾಡಿಗೆ ಬರತಿದ್ದ, ಕೇಳೂದು ಒಂದ:
"ನಿಮ್ಮೂರಾಗ ಸಮುದ್ರ ಐತೇನು?"
"ಇಲ್ರಿ. ಉಣಕಲ್ ಕೆರಿ ಐತಿ."
"ಹಡಗ?"
"ಕಾಲಿಲೆ ತುಳಿಯೂ ದೋಣಿ, ಬಾತುಕೋಳಿ ಆಕಾರದ್ದು."
ಪ್ರತಿ ಸಲ ಅಷ್ಟ ನಗತಿದ್ದ, ಹೊಸದಾಗಿ ಕೇಳಿದಾಂವನಂಗ.
ಒಂದು ಮುಂಜಾನೆ ಅಂವ ಬರಲಿಲ್ಲ, ನನ್ನ ಕರದ್ರು.
ತಂಪನ್ನ ಖೋಲಿ. ಸ್ಟೀಲಿನ ಮ್ಯಾಜು.
ಕಡೇ ದಾಡಿ ನಮ್ಮ ಮನಿತನಕ್ಕ ಹೊಸಾದಲ್ಲ,
ಅಜ್ಜ ಮಾಡ್ಯಾನ, ಅಪ್ಪ ಮಾಡ್ಯಾನ.
ಕಾಲ ಕೆಳಗ ನೆಲಾ ತೂಗಾಡೂವಾಗ ಮಾಡಿದಾಂವ
ನಾನ ಮೊದಲನೇಯಾಂವ.
ಮ್ಯಾಲ ಕುಣಿತದ ಬಾಜಾ ಹತ್ತಿತ್ತು, ನಿಧಾನದ್ದು,
ಮಣಕಾಲ ನೋವಿನವರು ಕುಣಿಯೂವಂಥಾದ್ದು.
ಗಾಯ ಮಾಡಲಿಲ್ಲ.

"ಅಲ್ಲಲೇ, ಅಷ್ಟ ಮುದುಕ್ರು ಅಷ್ಟ ನೀರಾಗ ಏನ ಮಾಡ್ತಾರ?"
ನೊರಿಯೊಳಗಿಂದ ಕೇಳ್ತಾನ ಹೆಗ್ಗೇರಿ ಚನಬಸು.
ಕಿಟಕಿಗೆ ಕುಂದರ್ತಾರ. ದಡ ಕಂಡ್ರ
ಒಬ್ಬರಿಗೊಬ್ಬರು ಬಟ್ಟ ಮಾಡಿ ತೋರಸ್ತಾರ.
"ಹರೇದಾಗ ಹೋಗಬೇಕಿತ್ತು."
ಹರೇದಾಗ ರೊಕ್ಕ ಯಾರ ಕಡೆ ಇತ್ತೋ ಮಾರಾಯ,
ಗದ್ದ ಎತ್ತು, ಅಲುಗಾಡಬ್ಯಾಡ.

ಬಾಗಲದಾಗ ಒಬ್ಬಾಕಿ ತಾಯಿ ನಿಂತಾಳ,
ಸೆರಗಿನ ಹಿಂದ ಮೂರು ವರ್ಷದ್ದೊಂದು, ಅಳೂ ತಯಾರ್ಯಾಗ.
ಮೂಲ್ಯಾಗಿನ ಹಲಗಿ ತಗೀತೀನಿ,
ಕುರ್ಚಿಯ ಎರಡೂ ಕೈ ಮ್ಯಾಲ ಅಡ್ಡ ಇಟ್ಟು
ಕೂಸಿನ್ನ ಎತ್ತಿ ಕುಂಡ್ರಸೂ ಹಲಗಿ.
ಹನ್ನೊಂದು ತಿಂಗಳು. ಆ ಹಡಗಿನ್ಯಾಗ ಎಲ್ಲಾ ಇತ್ತು,
ಬಿಸಿ ಟಾವೆಲ್ಲು, ಬೆಳ್ಳಿ ಹಿಡಿಕಿಯ ಬ್ರಷ್ಷು.
ಇದೊಂದು ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಧೂಳಾ ಒರಸ್ತೀನಿ.